ಬಣ್ಣದ ಕಾಗದಕ್ಕೂ ದಂಡವಂತೆ!

'ಎಚ್ಚರ! ಶಾಲೆಗಳಲ್ಲಿ ಇನ್ನು ಮುಂದೆ ಬಣ್ಣದ ಕಾಗದದ ತೋರಣ ಕಟ್ಟಿದರೆ ದಂಡ. ಎಲ್ಲ ಪೋಷಕರಿಗೂ ತಪ್ಪದೇ ಕಳಿಸಿ.'

ಶನಿವಾರ ರಾತ್ರಿ ನಮ್ಮ ಮನೆಯವರ ವಾಟ್ಸಾಪ್ ಗುಂಪಿಗೆ ತುಮಕೂರಿನ ಅತ್ತೆ ಹಾಕಿದ್ದು ಇದನ್ನು. ಕೆಳಗೆ ಅವರದೇ ಒಂದು ಸಾಲು: 'ಈ ಡೆಕೋರೇಷನ್ ಗಲಾಟೆ ಬೇಡ ಅಂತ ಆವತ್ತೇ ಹೇಳಿದ್ದೆ.'

ಅದು ನನಗೇ ಹೇಳಿದ್ದು. ಮಗಳ ಯುಕೆಜಿ ಗ್ರ್ಯಾಜುಯೇಷನ್ ಡೇ ಹತ್ತಿರ ಬಂದಿದೆ. ವೇದಿಕೆಯ ಅಲಂಕಾರವನ್ನು ಮಿಸ್ ನಮ್ಮಂಥ ಕೆಲವು ಅಮ್ಮಂದಿರಿಗೆ ವಹಿಸಿದ್ದಾರೆ. ಹಿಂದಿನ ದಿನವಷ್ಟೇ ನಾನು ಮಾಡಿದ್ದ ಕಾಗದದ ಹೂವಿನ ಫೋಟೋ ಹಾಕಿದ್ದೆ.

ಮೈಸೂರಿನ ಭಾವ ತಕ್ಷಣ ಎದ್ದರು. 'ಆದೇಶ ಎಲ್ಲಿದೆ? ಯಾವ ಇಲಾಖೆ? ತಾರೀಕು?' ಅತ್ತೆ ಉತ್ತರ ಕೊಡಲಿಲ್ಲ. ಭಾವನೇ ಹುಡುಕಿ ಬರೆದರು: 'ನಮ್ಮ ರಾಜ್ಯದಲ್ಲಿ 2016ರ ಮಾರ್ಚ್‌ನಲ್ಲೇ ಪ್ಲಾಸ್ಟಿಕ್ ಬ್ಯಾನರ್, ಬಂಟಿಂಗ್ (ತೋರಣ), ಫ್ಲೆಕ್ಸ್, ಬಾವುಟ ನಿಷೇಧವಾಗಿದೆ. 2022ರ ಜುಲೈ 1ರಿಂದ ದೇಶಕ್ಕೆಲ್ಲ ಅಲಂಕಾರದ ಥರ್ಮಾಕೋಲ್, ಪ್ಲಾಸ್ಟಿಕ್ ಬಾವುಟ, ಬಲೂನಿನ ಪ್ಲಾಸ್ಟಿಕ್ ಕಡ್ಡಿ ನಿಷೇಧ. ಕಾಗದ ಅದರಲ್ಲಿ ಎಲ್ಲಿದೆ ತೋರಿಸಿ.'

ವಿಷಯ ಇಲ್ಲಿಗೇ ಮುಗಿಯಬೇಕಿತ್ತು. ಪೂರ್ತಿ ಓದಿದವರು ಯಾರು? ಚಿಕ್ಕಮ್ಮನ ಕಣ್ಣಿಗೆ ಬಿದ್ದದ್ದು ಥರ್ಮಾಕೋಲ್ ಒಂದೇ. 'ಯಾರಿಗೆ ಚುಚ್ಚುತ್ತಿದ್ದೀರಿ ಅಂತ ಗೊತ್ತಾಗುತ್ತೆ ಬಿಡಿ.' ಅವರ ಮಗಳ ನಿಶ್ಚಿತಾರ್ಥದಲ್ಲಿ ಹುಡುಗ ಹುಡುಗಿಯ ಹೆಸರನ್ನು ಥರ್ಮಾಕೋಲ್ ಅಕ್ಷರದಲ್ಲಿ ಬರೆಸಿದ್ದರು. ಊಟದ ಪಂಕ್ತಿಯಲ್ಲಿ ಭಾವ ಅದರ ಬಗ್ಗೆ ಏನೋ ಅಂದಿದ್ದರಂತೆ. ಅದು ಇವತ್ತಿಗೂ ಆರಿಲ್ಲ.

ಅಷ್ಟರಲ್ಲಿ ಶಿವಮೊಗ್ಗದ ದೊಡ್ಡಪ್ಪ ಬಂದರು. 'ಪುಟ್ಟ ಮಕ್ಕಳಿಗೆ ಘಟಿಕೋತ್ಸವವೇ? ನಾವು ಎಸ್ಸೆಸ್ಸೆಲ್ಸಿ ಪಾಸಾದಾಗ ದೇವರಿಗೆ ದೀಪ ಹಚ್ಚಿ ಹಿರಿಯರ ಕಾಲಿಗೆ ಬಿದ್ದೆವು, ಅಷ್ಟೇ. ಇದೆಲ್ಲ ಹೊರಗಿನ ಶೋಕಿ.'

'ಮಾವ, ಕಿಂಡರ್‌ಗಾರ್ಟನ್ನೇ ಹೊರಗಿನದು. ಜರ್ಮನಿಯ ಫ್ರೋಬೆಲ್ 1837ರಲ್ಲಿ ಶುರು ಮಾಡಿದ್ದು. ಕಾಗದ ಮಡಿಸೋದು, ಕತ್ತರಿಸೋದು ಅವರು ಮಕ್ಕಳಿಗೆ ಕಲಿಸುತ್ತಿದ್ದ ಕೆಲಸದಲ್ಲೇ ಇತ್ತು,' ಅಂದರು ಭಾವ.

'ಅಳಿಯಂದಿರು ನನಗೆ ಪಾಠ ಹೇಳುವ ಕಾಲ ಬಂತು.'

ಡಲ್ಲಾಸಿನಲ್ಲಿರುವ ತಮ್ಮನಿಗೆ ಆಗಷ್ಟೇ ಬೆಳಗಾಗಿತ್ತು. ಅವನಿಗೆ ಗಣಪತಿ ಪೆಂಡಾಲ್ ನೆನಪಾಯಿತು. ಅಜ್ಜಿ ಮೈದಾ ಅಂಟು ಕುದಿಸುತ್ತಿದ್ದದ್ದು, ಹುಳ ಹಿಡಿಯದಿರಲಿ ಅಂತ ಚಿಟಿಕೆ ಮೈಲುತುತ್ತ ಹಾಕುತ್ತಿದ್ದದ್ದು, ಹುರಿಗೆ ತ್ರಿಕೋನದ ಕಾಗದ ಅಂಟಿಸಿ ಬೀದಿಯ ಈ ಕಡೆಯಿಂದ ಆ ಕಡೆಗೆ ಕಟ್ಟುತ್ತಿದ್ದದ್ದು. ಎಲ್ಲರೂ ಹೃದಯ ಒತ್ತಿದರು. ಕೊನೆಯಲ್ಲಿ, 'ಆವತ್ತು ಏಣಿ ಬಿಟ್ಟು ಓಡಿದ್ದು ಯಾರು ಅಂತ ಈಗಲಾದರೂ ಒಪ್ಪಿಕೊಳ್ಳಿ' ಅಂದ. ಆಮೇಲೆ ಅರ್ಧ ಗಂಟೆ ಏಣಿಯದೇ ಮಾತು.

ನನಗೆ ತಡೆಯಲಾಗಲಿಲ್ಲ. ಬರೆದೆ:

'ದೊಡ್ಡಪ್ಪ, ಅತ್ತೆ, ದಯವಿಟ್ಟು ಪೂರ್ತಿ ಓದಿ. ನಾವು ಏನೂ ಬಾಡಿಗೆಗೆ ತರುತ್ತಿಲ್ಲ. ಎ4 ಬಣ್ಣದ ಹಾಳೆಯನ್ನು ಅಗಲದುದ್ದಕ್ಕೂ ಬೆರಳಗಲ ಹಿಂದೆ ಮುಂದೆ ಮಡಿಸಿ, ನಡುವೆ ಬಗ್ಗಿಸಿ ಅಂಟಿಸಿದರೆ ಬೀಸಣಿಗೆ ಆಗುತ್ತೆ. ಅಂಥ ಮೂರು ಸೇರಿದರೆ ಒಂದು ದುಂಡನೆಯ ಹೂ. ಟೋಪಿಗೆ ಕಪ್ಪು ಚಾರ್ಟ್. ಈ ವಯಸ್ಸಿನವರ ತಲೆ ಸುತ್ತಳತೆ 50 ಸೆಂಟಿಮೀಟರ್ ಆಸುಪಾಸು, ಅದಕ್ಕೆ ಪಟ್ಟಿಯನ್ನು 55 ಕತ್ತರಿಸಿದರೆ ಅಂಟಿಗೆ ಜಾಗ ಸಿಗುತ್ತೆ. ಮೇಲೆ 20 ಸೆಂಟಿಮೀಟರಿನ ಚೌಕ, ಅದಕ್ಕೊಂದು ಉಲ್ಲನ್ ದಾರದ ಕುಚ್ಚು. ಮಿನುಗುಪುಡಿ ಬೇಡವೇ ಬೇಡ ಅಂದಿದ್ದೇನೆ. ಅದೂ ಜಾಸ್ತಿ ಪ್ಲಾಸ್ಟಿಕ್ಕೇ, ನೆಲಕ್ಕೆ ಉದುರಿದರೆ ಗುಡಿಸಿ ಮುಗಿಯಲ್ಲ.

ಮಡಿಸುವುದು ಮಕ್ಕಳೇ. ನನ್ನ ಮಗಳು ನಾಲಿಗೆ ತುದಿ ಕಚ್ಚಿಕೊಂಡು ಉಗುರಿನಿಂದ ಒಂದೊಂದೇ ಮಡಿಕೆ ತೀಡುತ್ತಾಳೆ. ಅವಳ ಮಡಿಕೆ ಒಂದು ದಪ್ಪ, ಒಂದು ಸಣ್ಣ. ಹಾಗಾಗಿ ಹೂ ಒಂದು ಕಡೆ ವಾಲುತ್ತೆ. ಅದನ್ನು ನಾವು ಸರಿಮಾಡುವುದಿಲ್ಲ. ವೇದಿಕೆ ಹತ್ತಿದಾಗ ಅವಳು ಹುಡುಕುವುದು ಅದೇ ಹೂವನ್ನು. ಅಂಗಡಿಯಿಂದ ತಂದ ಹೊಳೆಯುವ ಬ್ಯಾನರಿನಲ್ಲಿ ಅವಳಿಗೆ ಹುಡುಕಲು ಏನಿದೆ? ಘಟಿಕೋತ್ಸವ ಅನ್ನೋ ಹೆಸರು ದೊಡ್ಡದಾಯಿತು ಅಂದರೆ ಒಪ್ಪುತ್ತೇನೆ. ಕಾಗದದ ಕೆಲಸ ಮಾತ್ರ ಬಿಡುವುದಿಲ್ಲ.'

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ದೊಡ್ಡಪ್ಪ, 'ಮಕ್ಕಳಿಗೆ ತುದಿ ಮೊಂಡಾದ ಕತ್ತರಿ ಕೊಡಮ್ಮ' ಅಂತಷ್ಟೇ ಬರೆದರು. ಚಿಕ್ಕಮ್ಮ ಇನ್ನೂ ಭಾವನ ಜೊತೆ ಮಾತು ಬಿಟ್ಟಿದ್ದಾರೆ.

ಮರುದಿನ ಬೆಳಿಗ್ಗೆಯೇ ನಾನು ಅತ್ತೆಗೆ ಫೋನ್ ಮಾಡಿದೆ. ಆ ಸಂದೇಶವನ್ನು ಅವರು ಭಜನಾ ಮಂಡಳಿಯ ಗುಂಪಿಗೂ ಕಳಿಸಿದ್ದರು. ಅಲ್ಲಿ ಯುಕೆಜಿ ಮಕ್ಕಳ ಅಜ್ಜಿಯರು ಎಷ್ಟೋ ಜನ. ಸುಮ್ನೆ ಹೆದರುತ್ತಾರೆ, ಅಳಿಸಿ ಅತ್ತೆ ಅಂದೆ. 'ಎಲ್ಲಿ ಒತ್ತಬೇಕು ಹೇಳು' ಅಂದರು. ಹೇಳಿದೆ, ಅಳಿಸಿದರು.