ಪುಟ್ಟಿ, ಎಸಿಗೆ ಗ್ಯಾಸ್ ಹಾಕಿಸಬೇಡ, ಮೊದಲು ವೈರು ನೋಡಿಸು

ಪುಟ್ಟಿ, ಮನೆಯವರ ಗ್ರೂಪಿನಲ್ಲಿ ನೀನು ಹಾಕಿದ ಮೆಸೇಜು, ಫೋಟೊ ಎಲ್ಲಾ ನೋಡಿದೆ. ಸೈಟಿನಲ್ಲಿದ್ದೇನೆ, ಕೈಯೆಲ್ಲಾ ಸಿಮೆಂಟು, ಟೈಪ್ ಮಾಡಲು ಆಗುವುದಿಲ್ಲ. ಬಾಯಲ್ಲಿ ಹೇಳುತ್ತೇನೆ, ಫೋನು ಬರೆದುಕೊಳ್ಳಲಿ. ಉದ್ದ ಆದರೆ ಬೈಯಬೇಡಿ.

ನೀನು ಹೇಳಿದ್ದು ಇಷ್ಟು ಅಲ್ವಾ. ಬಳ್ಳಾರಿಯಲ್ಲಿ ಮನೆ ಬದಲಾಯಿಸಿದಿರಿ, ಹಳೆ ಮನೆಯ ಒಂದೂವರೆ ಟನ್ನಿನ ಇನ್ವರ್ಟರ್ ಎಸಿ ಬಿಚ್ಚಿಸಿ ಇಲ್ಲಿ ಹಾಕಿಸಿದಿರಿ. ಎರಡು ದಿನ ಚೆನ್ನಾಗಿ ತಂಪು ಬಂತು, ಆದರೆ ಪ್ಲಗ್ಗು ಕೈ ಇಡಲಾಗದಷ್ಟು ಬಿಸಿ ಆಗುತ್ತಿತ್ತು. ಮೂರನೇ ದಿನದಿಂದ ಒಳಗಿನ ಯೂನಿಟ್ಟಿನಲ್ಲಿ ಬರೀ ಗಾಳಿ, ಹೊರಗಿನ ಯೂನಿಟ್ಟು ಸದ್ದೇ ಇಲ್ಲ, ಸ್ವಲ್ಪ ಹೊತ್ತಿಗೆ ಎಸಿಯ ಲೈಟು ಮಿಣುಕುತ್ತದೆ. ಹಾಕಿದವನು ಬಂದು ನೋಡಿ ಗ್ಯಾಸ್ ಹೋಗಿದೆ, ತುಂಬಿಸಬೇಕು ಅಂದ.

ಮೊದಲ ಕೆಲಸ, ಇದನ್ನು ಓದುವುದು ನಿಲ್ಲಿಸಿ ಎದ್ದು ಹೋಗಿ ಡಿಬಿಯಲ್ಲಿ, ಅಂದರೆ ಮನೆಯ ಮೇನ್ ಸ್ವಿಚ್ಚಿನ ಬಾಕ್ಸಿನಲ್ಲಿ, ಆ ರೂಮಿನ ಎಂಸಿಬಿ ಕೆಳಗೆ ಮಾಡು, ಕರೆಂಟು ಜಾಸ್ತಿಯಾದರೆ ತಾನೇ ಬೀಳುವ ಸ್ವಿಚ್ಚು ಅದು. ರಿಮೋಟಿನಲ್ಲಿ ಆಫ್ ಮಾಡಿದರೆ ಆಫ್ ಅಲ್ಲ, ಒಳಗಿನ ಟರ್ಮಿನಲ್ಲಿನಲ್ಲಿ 230 ವೋಲ್ಟ್ ಹಾಗೇ ನಿಂತಿರುತ್ತದೆ. ಅಳಿಯಂದಿರು ಇಂಜಿನಿಯರು ಅಂತ ನನಗೂ ಗೊತ್ತು, ಆದರೂ ದಯವಿಟ್ಟು ಸ್ಕ್ರೂಡ್ರೈವರ್ ಹಿಡಿಯಬೇಡಿ. ಹೊರಗಿನ ಯೂನಿಟ್ಟಿನ ಬೋರ್ಡಿನಲ್ಲಿ ದೊಡ್ಡ ಕೆಪಾಸಿಟರುಗಳು ಇರುತ್ತವೆ, ಪ್ಲಗ್ಗು ಕಿತ್ತ ಮೇಲೂ ಕೆಲವು ನಿಮಿಷ 300 ವೋಲ್ಟಿನ ಆಸುಪಾಸು ಚಾರ್ಜ್ ಹಿಡಿದುಕೊಂಡಿರುತ್ತವೆ. ಮುಟ್ಟಿದರೆ ತಮಾಷೆ ಇರುವುದಿಲ್ಲ.

ಈಗ ಗ್ಯಾಸಿನ ವಿಷಯ. ಗ್ಯಾಸ್ ಕಡಿಮೆ ಆಗಿದ್ದರೆ ಹೊರಗಿನ ಯೂನಿಟ್ಟು ಶುರುವಾದರೂ ಆಗಬೇಕು. ಫ್ಯಾನು ತಿರುಗುತ್ತದೆ, ಕಂಪ್ರೆಸರ್ ಗುಂಯ್ ಅನ್ನುತ್ತದೆ, ತಂಪು ಮಾತ್ರ ಸಾಲುವುದಿಲ್ಲ, ಕೆಲವು ಸಲ ಪೈಪಿನ ಮೇಲೆ ಮಂಜು ಕಟ್ಟುತ್ತದೆ. ನಿಮ್ಮದು ಉಸಿರೇ ಬಿಡುತ್ತಿಲ್ಲ. ಕರೆಂಟು ಹೋಗಿ ಬಂದ ಮೇಲೆ ಮೂರು ನಿಮಿಷ ಹೊರಗಿನದು ಸುಮ್ನೆ ಇರುವುದು ಸಹಜ, ಕಂಪ್ರೆಸರ್ ಉಳಿಯಲಿ ಅಂತ ಹಾಗೆ ಮಾಡಿರುತ್ತಾರೆ. ಆದರೆ ಅರ್ಧ ಗಂಟೆ ಆದರೂ ಅಲುಗಾಡದಿದ್ದರೆ ನಾನು ಗ್ಯಾಸಿನ ಒತ್ತಡ ಅಳೆಯುವ ಗೇಜು ಹಾಕುವುದಕ್ಕೆ ಮುಂಚೆ ವೈರು ನೋಡುತ್ತೇನೆ.

ಯಾಕೆ ಅಂತ ಹೇಳುತ್ತೇನೆ. ನಮ್ಮಲ್ಲಿ ಮನೆಗೆ ಹಾಕುವ ಬಹಳಷ್ಟು ಸ್ಪ್ಲಿಟ್ ಎಸಿಗಳಲ್ಲಿ ಗೋಡೆಯ ಪ್ಲಗ್ಗಿನಿಂದ ಕರೆಂಟು ಬರುವುದು ಮೊದಲು ಒಳಗಿನ ಯೂನಿಟ್ಟಿಗೆ. ಅಲ್ಲಿಂದ ನಾಲ್ಕು ಕೋರಿನ ಒಂದು ಕೇಬಲ್ ಹೊರಗೆ ಹೋಗುತ್ತದೆ. ಒಂದು ಫೇಸ್, ಒಂದು ನ್ಯೂಟ್ರಲ್, ಒಂದು ಸಿಗ್ನಲ್, ಒಂದು ಅರ್ಥ್. ಆ ಸಿಗ್ನಲ್ ವೈರಿನಲ್ಲಿ ಒಳಗಿನ ಬೋರ್ಡೂ ಹೊರಗಿನ ಬೋರ್ಡೂ ಮಾತಾಡಿಕೊಳ್ಳುತ್ತಿರುತ್ತವೆ, ಇಷ್ಟು ಸ್ಪೀಡು ಬೇಕು, ಇಷ್ಟು ಸಾಕು ಅಂತ. ಉತ್ತರ ಬರದೇ ಇದ್ದರೆ ಒಳಗಿನದು ಸ್ವಲ್ಪ ಕಾಯುತ್ತದೆ, ಆಮೇಲೆ ಲೈಟು ಮಿಣುಕಿಸುತ್ತದೆ. ಈ ಗ್ರೂಪಿನಲ್ಲಿ ಭಾವ ಉತ್ತರ ಕೊಡದೇ ಇದ್ದಾಗ ಅಕ್ಕ ಪ್ರಶ್ನೆ ಚಿಹ್ನೆ ಹಾಕುತ್ತಾ ಹೋಗುತ್ತಾಳಲ್ಲ, ಹಾಗೆ. ಎಷ್ಟು ಸಲ ಮಿಣುಕಿ ನಿಲ್ಲುತ್ತದೆ ಅಂತ ಎಣಿಸಬೇಕು, ಆ ಲೆಕ್ಕದ ಅರ್ಥ ಎಸಿ ಜೊತೆ ಬಂದ ಪುಸ್ತಕದಲ್ಲಿ ಇರುತ್ತದೆ. ಒಂದೊಂದು ಕಂಪನಿಯದು ಒಂದೊಂದು ಥರ.

ನಿನ್ನ ಮೂರನೇ ಫೋಟೊ ದೊಡ್ಡದು ಮಾಡಿ ನೋಡು. ಬಾಲ್ಕನಿಯ ಬ್ರಾಕೆಟ್ ಹತ್ತಿರ ಕೇಬಲ್ಲಿಗೆ ಕಪ್ಪು ಟೇಪು ಸುತ್ತಿದೆ, ಬಾಳೆಕಾಯಿ ಥರ ದಪ್ಪ ಆಗಿದೆ. ಹಳೆ ಮನೆಯ ಕೇಬಲ್ ಇಲ್ಲಿಗೆ ಸಾಲದೇ ಬಂದಿದೆ, ಅವನು ತುಂಡು ಸೇರಿಸಿ ಕೈಯಲ್ಲಿ ತಿರುಚಿ ಟೇಪು ಹಾಕಿದ್ದಾನೆ. ಬಳ್ಳಾರಿ ಬಿಸಿಲಿಗೆ ಆ ಟೇಪಿನ ಅಂಟು ಕರಗುತ್ತದೆ, ಹೊರಗಿನ ಯೂನಿಟ್ಟಿನ ಅದುರಾಟಕ್ಕೆ ತಿರುಚಿದ್ದು ಸಡಿಲ ಆಗುತ್ತದೆ. ನನ್ನ ಅಂದಾಜು, ಅಲ್ಲೇ ಒಂದು ಕೋರು ಸುಟ್ಟೋ ಬಿಟ್ಟೋ ಹೋಗಿದೆ. ಬೋರ್ಡೇ ಹೋಗಿರಲಿಕ್ಕೂ ಸಾಕು, ಇಲ್ಲ ಅನ್ನುವುದಿಲ್ಲ, ಆದರೆ ಐದು ನಿಮಿಷದಲ್ಲಿ ಬಿಚ್ಚಿ ನೋಡಬಹುದಾದ ಜಾಗ ಬಿಟ್ಟು ಸಾವಿರಾರು ರೂಪಾಯಿಯ ಗ್ಯಾಸಿಗೆ ಹೋಗುವುದು ಯಾವ ನ್ಯಾಯ?

ಸಡಿಲ ಜಾಯಿಂಟ್ ಅಂದರೆ ಏನು ಅಂತ ಒಂದು ಲೆಕ್ಕ ಹೇಳುತ್ತೇನೆ. ನಿಮ್ಮ ಎಸಿ ಜೋರಾಗಿ ಓಡುವಾಗ 7-8 ಆಂಪಿಯರ್ ಎಳೆಯುತ್ತದೆ. ಜಾಯಿಂಟಿನಲ್ಲಿ ಅರ್ಧ ಓಮ್ ರೆಸಿಸ್ಟೆನ್ಸ್ ಬಂತು ಅಂತ ಇಟ್ಟುಕೋ. ಎಂಟನ್ನು ಎಂಟರಿಂದ ಗುಣಿಸಿ ಅರ್ಧ ಮಾಡು, 32 ವ್ಯಾಟ್. ರೇಡಿಯೊ ರಿಪೇರಿಯವರ ಸಣ್ಣ ಸೋಲ್ಡರಿಂಗ್ ಐರನ್ನು 25 ವ್ಯಾಟಿನದು. ಅಂದರೆ ಕಾದ ಐರನ್ನನ್ನು ಟೇಪು ಸುತ್ತಿ ಇಟ್ಟ ಹಾಗೆ. ಮತ್ತೆ ನೋಡು, ಎಂಸಿಬಿಗೆ ಇದು ಗೊತ್ತೇ ಆಗುವುದಿಲ್ಲ, ಅದರ ಪಾಲಿಗೆ ಎಂಟು ಆಂಪಿಯರ್ ಎಂಟೇ.

ಪ್ಲಗ್ಗು ಬಿಸಿ ಆಗುವುದೂ ಇದೇ ರೋಗ, ಜಾಗ ಬೇರೆ. ನಿಮ್ಮ ಬೆಡ್‌ರೂಮಿನಲ್ಲಿ ಮೊದಲು ಇದ್ದದ್ದು ಮೊಬೈಲು ಚಾರ್ಜ್ ಮಾಡುವ 6 ಆಂಪಿಯರಿನ ಸಾಕೆಟ್. ಅದನ್ನು ಕಿತ್ತು 16 ಆಂಪಿಯರಿನ ಪವರ್ ಪ್ಲಗ್ಗಿನ ಮುಖ ಕೂರಿಸಿದ್ದಾನೆ. ಮುಖ ಹೊಸದು, ಹಿಂದಿನ ವೈರು ಅದೇ ಹಳೇದು, ಫ್ಯಾನು ಲೈಟಿಗೆ ಎಳೆದ ಒಂದೋ ಒಂದೂವರೆಯೋ ಸ್ಕ್ವೇರ್ ಎಂಎಂನ ತೆಳ್ಳಗಿನದು. ಇದಕ್ಕಿಂತ ಬೇಜಾರಿನ ಸಂಗತಿ ನೀನು ಬರೆದ ಇನ್ನೊಂದು ಮಾತು. ಮೊದಲ ದಿನ ಇಸ್ತ್ರಿ ಹಾಕಿದಾಗ ಎಂಸಿಬಿ ಬಿತ್ತು, ಅವನು 10 ತೆಗೆದು 20 ಆಂಪಿಯರಿನದು ಹಾಕಿಕೊಟ್ಟ, ಆಮೇಲೆ ಬೀಳಲಿಲ್ಲ ಅಂತ ನೀನು ಖುಷಿಯಾಗಿ ಬರೆದಿದ್ದೀಯ. ಪುಟ್ಟಿ, ಎಂಸಿಬಿ ಕಾಯುವುದು ಎಸಿಯನ್ನಲ್ಲ, ಗೋಡೆಯೊಳಗಿನ ವೈರನ್ನು. ತೆಳ್ಳಗಿನ ವೈರಿಗೆ ದೊಡ್ಡ ಎಂಸಿಬಿ ಹಾಕಿದರೆ ಮನೆ ಕಾಯುವವನಿಗೆ ನಿದ್ದೆ ಮಾತ್ರೆ ಕೊಟ್ಟ ಹಾಗೆ. ಬೀಳುತ್ತಿದ್ದದ್ದೇ ಸರಿ ಇತ್ತು. ಹೊಸ ಲೈನು ಬರುವವರೆಗೆ ಆ ಜಾಗಕ್ಕೆ ಹಳೆ 10 ಆಂಪಿಯರಿನದೇ ವಾಪಸ್ ಹಾಕಿಸು.

ಏನು ಮಾಡಿಸಬೇಕು ಅಂದರೆ, ಡಿಬಿಯಿಂದ ಎಸಿಗೆ ಅಂತಲೇ ಬೇರೆ ಲೈನು. 4 ಸ್ಕ್ವೇರ್ ಎಂಎಂ ತಾಮ್ರದ ವೈರು ಫೇಸ್ ನ್ಯೂಟ್ರಲ್ಲಿಗೆ, ಜೊತೆಗೆ ಹಸಿರು ಅರ್ಥ್ ವೈರು. 20 ಆಂಪಿಯರಿನ ಸಿ ಕರ್ವ್ ಎಂಸಿಬಿ, ಅಂದರೆ ಮೋಟರು ಶುರುವಾಗುವಾಗಿನ ಕ್ಷಣದ ಜೋರು ಎಳೆತಕ್ಕೆ ಬೀಳದಂಥದ್ದು. ಮಧ್ಯೆ ಎಲ್ಲೂ ಜಾಯಿಂಟ್ ಇಲ್ಲ, ಬೇರೆ ಯಾವ ಪಾಯಿಂಟಿಗೂ ಅದರಿಂದ ಕವಲು ಇಲ್ಲ. ಎರಡೂವರೆ ಸ್ಕ್ವೇರ್ ಸಾಕು ಅನ್ನುವವರು ಸಿಗುತ್ತಾರೆ, ಪೂರ್ತಿ ತಪ್ಪಲ್ಲ, ಆದರೆ ಡಿಬಿಯಿಂದ ನಿಮ್ಮ ರೂಮಿಗೆ ಹದಿನೈದು ಮೀಟರ್ ಆದರೂ ಇದೆ, ಬೇಸಿಗೆಯಲ್ಲಿ ಸಂಜೆ ವೋಲ್ಟೇಜು ಮೊದಲೇ ಇಳಿದಿರುತ್ತದೆ, ಗೋಡೆ ಒಂದು ಸಲ ಒಡೆದ ಮೇಲೆ ಇಷ್ಟಕ್ಕೇ ಕಂಜೂಸ್ತನ ಯಾಕೆ.

ಅರ್ಥಿಂಗ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಯಾಕೆಂದರೆ ಹಳೆ ಬಾಡಿಗೆ ಮನೆಗಳಲ್ಲಿ ನಾನು ಜಾಸ್ತಿ ಹೆದರುವುದು ಇದಕ್ಕೇ. ಪ್ಲಗ್ಗಿನ ಮೇಲಿನ ಪಿನ್ನು ಉದ್ದ ಮತ್ತೆ ದಪ್ಪ ಇರುತ್ತದಲ್ಲ, ಅದು ಮೊದಲು ತಾಗಲಿ, ಕೊನೆಗೆ ಬಿಡಲಿ ಅಂತ. ಆದರೆ ಸಾಕೆಟ್ಟಿನ ಹಿಂದೆ ಹಸಿರು ವೈರೇ ಇಲ್ಲದಿದ್ದರೆ ಪಿನ್ನು ಎಷ್ಟು ಉದ್ದ ಇದ್ದು ಏನು ಬಂತು. ಕೆಲವರು ಇನ್ನೂ ಬುದ್ಧಿವಂತರು, ಸಾಕೆಟ್ ಒಳಗೇ ನ್ಯೂಟ್ರಲ್ಲಿನಿಂದ ಒಂದು ತುಂಡು ವೈರು ತಂದು ಅರ್ಥ್ ಪಿನ್ನಿಗೆ ಕಟ್ಟಿಬಿಡುತ್ತಾರೆ. ಮೀಟರಿನಲ್ಲಿ ಎಲ್ಲಾ ಸರಿ ಕಾಣುತ್ತದೆ. ಒಂದು ದಿನ ಆ ನ್ಯೂಟ್ರಲ್ ಎಲ್ಲಾದರೂ ಕಟ್ ಆದರೆ ಎಸಿಯ ಲೋಹದ ಮೈಗೆಲ್ಲಾ 230 ವೋಲ್ಟ್ ಬಂದು ಕೂರುತ್ತದೆ. ಹಾಗಾಗಿ ಸಾಕೆಟ್ ಬಿಚ್ಚಿಸಿ ಕಣ್ಣಲ್ಲಿ ನೋಡಬೇಕು. ಎಲೆಕ್ಟ್ರಿಷಿಯನ್ ಫೇಸಿಗೂ ಅರ್ಥಿಗೂ ಟೆಸ್ಟ್ ಲ್ಯಾಂಪ್ ಹಿಡಿದರೆ ಪೂರ್ತಿ ಬೆಳಗಬೇಕು. ಆರ್‌ಸಿಸಿಬಿ, ಅಂದರೆ ಕರೆಂಟು ಅರ್ಥಿಗೆ ಸೋರಿದರೆ ಬೀಳುವ ಸ್ವಿಚ್ಚು, ಇದ್ದರೆ ಬೆಳಗುವ ಮೊದಲೇ ಅದು ಬೀಳುತ್ತದೆ, ಅದೂ ಒಳ್ಳೆಯ ಸುದ್ದಿಯೇ. ಡಿಬಿಯಲ್ಲಿ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಇದೆಯಾ ನೋಡು, ಇಲ್ಲದಿದ್ದರೆ ಮಾಲೀಕರ ಹತ್ತಿರ ಕೇಳು, ಮಗು ಇರುವ ಮನೆ. ಎಸಿ ಹಾಕಿದ ಮೇಲೆ ಅದು ಪದೇ ಪದೇ ಬೀಳುತ್ತದೆ ಅಂತ ಯಾರಾದರೂ ಬೈಪಾಸ್ ಮಾಡಲು ಬಂದರೆ ಬಾಗಿಲು ತೋರಿಸು. ಬಹಳ ಸಲ ಕಾರಣ ಎಸಿಯ ನ್ಯೂಟ್ರಲ್ಲನ್ನು ಯುಪಿಎಸ್ ಲೈನಿನ ನ್ಯೂಟ್ರಲ್ ಜೊತೆ ಕಲಸಿರುವುದು.

ಇಷ್ಟೆಲ್ಲಾ ಹೇಳುವ ನಾನೇ ದಾವಣಗೆರೆಯ ನಮ್ಮ ಮನೆಯಲ್ಲಿ ಮೊದಲ ಎಸಿ ಹಾಕಿದಾಗ ಗೀಸರಿನ ಲೈನಿನಿಂದಲೇ ಕವಲು ಕೊಟ್ಟಿದ್ದೆ. ನಿಮ್ಮತ್ತೆ ಒಂದು ಬೆಳಿಗ್ಗೆ ಸಾಕೆಟ್ ವಾಸನೆ ಬರುತ್ತಿದೆ ಅಂದಳು, ನಾನು ಪಕ್ಕದ ಮನೆಯವರ ಒಲೆ ಇರಬೇಕು ಅಂದೆ. ತೆಗೆದು ನೋಡಿದರೆ ಪ್ಲಗ್ಗೂ ಸಾಕೆಟ್ಟೂ ಕರಗಿ ಒಂದಾಗಿದ್ದವು, ಇಕ್ಕಳದಲ್ಲಿ ಕೀಳಬೇಕಾಯಿತು. ದೀಪದ ಬುಡದಲ್ಲಿ ಕತ್ತಲೆ ಅಂತ ಅವಳು ಇವತ್ತಿಗೂ ಹೇಳುತ್ತಾಳೆ.

ಹೊರಗಿನ ಕೇಬಲ್ ಪೂರ್ತಿ ಹೊಸದು ಹಾಕಿಸು, ನಾಲ್ಕು ಕೋರು, ಒಂದೇ ತುಂಡು. ಎಳೆಯುವ ಮೊದಲು ಹಳೇದರ ಫೋಟೊ ತೆಗೆದುಕೊಳ್ಳಲಿ. ಒಳಗೆ 1, 2, 3 ಅಂತ ಬರೆದಿರುವ ಕಡೆ ಯಾವ ಬಣ್ಣ ಹೋಗಿದೆಯೋ ಹೊರಗೂ ಅದೇ ನಂಬರಿಗೆ ಅದೇ ಬಣ್ಣ ಹೋಗಬೇಕು. ಬಣ್ಣ ನಂಬಬೇಡಿ, ನಂಬರು ನಂಬಿ. ಸಿಗ್ನಲ್ಲೂ ನ್ಯೂಟ್ರಲ್ಲೂ ಅದಲು ಬದಲಾದರೆ ಹೊರಗಿನದು ಎಚ್ಚರ ಆಗುವುದೇ ಇಲ್ಲ, ಫೇಸು ತಪ್ಪಿದರೆ ಬೋರ್ಡು ಸುಡಬಹುದು. ಎಳೆ ಎಳೆಯಾದ ವೈರಿನ ತುದಿಗೆ ಲೋಹದ ಲಗ್ಗು ಒತ್ತಿ ಸ್ಕ್ರೂ ಬಿಗಿ ಮಾಡಿಸು, ಆಮೇಲೆ ಒಂದೊಂದನ್ನೂ ಮೆಲ್ಲಗೆ ಎಳೆದು ನೋಡಬೇಕು. ಕೇಬಲ್ಲಿನ ಕ್ಲ್ಯಾಂಪು ಬಿಗಿ ಇದೆಯಾ ಅದನ್ನೂ.

ನಾಲ್ಕನೇ ಫೋಟೊದಲ್ಲಿ ಒಳಗಿನ ಯೂನಿಟ್ಟು ಸ್ವಲ್ಪ ಎಡಕ್ಕೆ ವಾಲಿದೆ, ನಿಮ್ಮ ಡ್ರೇನ್ ಪೈಪು ಬಲಕ್ಕೆ. ಇನ್ನೊಂದು ವಾರದಲ್ಲಿ ಮಂಚದ ಮೇಲೆ ನೀರು ತೊಟ್ಟಿಕ್ಕುತ್ತದೆ. ರಸಮಟ್ಟ ಇಟ್ಟು ಪ್ಲೇಟು ಸರಿ ಮಾಡಿಸಿ, ಒಂದು ಬಾಟಲಿ ನೀರು ಒಳಗಿನ ತಟ್ಟೆಗೆ ಸುರಿದು ಹೊರಗೆ ಬರುತ್ತದಾ ನೋಡಿ. ಗ್ಯಾಸ್ ನಿಜವಾಗಿಯೂ ಸೋರಿದೆ ಅಂತಾದರೆ ವ್ಯಾಕ್ಯೂಮ್ ಪಂಪು ಹಚ್ಚಿ ಹದಿನೈದು ಇಪ್ಪತ್ತು ನಿಮಿಷ ಗಾಳಿ ಎಳೆದು, ಹೊರಗಿನ ಯೂನಿಟ್ಟಿನ ಪ್ಲೇಟಿನಲ್ಲಿ ಬರೆದಷ್ಟೇ ತೂಕ ಮಾಡಿ ತುಂಬಬೇಕು. ತಕ್ಕಡಿ ತರದವನನ್ನು ವಾಪಸ್ ಕಳಿಸು.

ಅಳಿಯಂದಿರು ಕೇಳಿದ್ದು, ಬಿಲ್ಲು. ರಾತ್ರಿ ಎಂಟು ಗಂಟೆ ಓಡಿಸಿದರೆ ಬಳ್ಳಾರಿ ಸೆಕೆಗೆ ಗಂಟೆಗೆ ಹೆಚ್ಚು ಕಡಿಮೆ ಒಂದು ಯೂನಿಟ್ ಅಂತ ಹಿಡಿಯಿರಿ, ತಿಂಗಳಿಗೆ 240. ಗೃಹಜ್ಯೋತಿಯಲ್ಲಿ 200 ದಾಟಿದರೆ ಪೂರ್ತಿ ಬಿಲ್ಲು ನಿಮ್ಮದೇ. 24 ಡಿಗ್ರಿಗೆ ಇಟ್ಟು ಫ್ಯಾನು ಹಾಕಿಕೊಳ್ಳಿ. ಜೆಸ್ಕಾಂ ಬಿಲ್ಲಿನಲ್ಲಿ ಮಂಜೂರಾದ ಲೋಡ್ ಎಷ್ಟು ಕಿಲೋವ್ಯಾಟ್ ಇದೆ ಅಂತಲೂ ನೋಡಿ, ಒಂದೇ ಇದ್ದರೆ ಮಾಲೀಕರಿಗೆ ಹೇಳಿ ಏರಿಸಬೇಕು.

ಅಕ್ಕ, ನೀನು ಮೇಲೆ ಹಾಕಿದ ಸಲಹೆ ನೋಡಿದೆ, ಹಾಲ್ ರೂಮಿನ ಪವರ್ ಪಾಯಿಂಟಿನಿಂದ ಎಕ್ಸ್‌ಟೆನ್ಷನ್ ಬಾಕ್ಸ್ ಎಳೆದು ಅಲ್ಲಿಯವರೆಗೆ ಓಡಿಸಲಿ ಅಂತ. ಬೇಡವೇ ಬೇಡ. ಅದನ್ನು ಗಣಪತಿ ಹಬ್ಬದ ಸೀರಿಯಲ್ ಸೆಟ್ಟಿಗೆ ಇಟ್ಟುಕೋ. ಪುಟ್ಟಿ, ಇಲ್ಲಿ ಕಾಂಕ್ರೀಟು ಶುರುವಾಯಿತು, ಕರೆಯುತ್ತಿದ್ದಾರೆ. ವೈರಿಂಗಿನವರು ಬಂದು ಸಾಕೆಟ್ ಬಿಚ್ಚಿದ ತಕ್ಷಣ ಅದರ ಬೆನ್ನಿನ ಫೋಟೊ ಒಂದು ಹಾಕು, ಮುಚ್ಚುವ ಮೊದಲೇ.