ಫ್ರಿಜ್‌ನಲ್ಲಿಟ್ಟ ಚಿಕನ್ ಮೂರೇ ದಿನಕ್ಕೆ ಹಾಳಾಯ್ತು, ಬ್ರೆಸ್ಟ್ ಪೀಸ್ ಬೇರೆ ರಬ್ಬರ್ ಥರ ಆಗುತ್ತೆ, ಏನ್ ಮಾಡ್ಲಿ?

ಪ್ರಶ್ನೆ:
ಎಲ್ಲರಿಗೂ ನಮಸ್ಕಾರ. ಈಗಷ್ಟೇ ಒಬ್ಬನೇ ಅಡುಗೆ ಮಾಡ್ಕೊಳ್ಳೋಕೆ ಶುರು ಮಾಡಿದೀನಿ. ಪದೇ ಪದೇ ಯಾಕೆ ಹೋಗ್ಬೇಕು ಅಂತ ಭಾನುವಾರ ಎರಡು ಕೆಜಿ ಚಿಕನ್ ತಂದು ಅದೇ ಕವರ್‌ನಲ್ಲೇ ಫ್ರಿಜ್‌ಗಿಟ್ಟೆ, ಅರ್ಧ ಅವತ್ತೇ ಮಾಡ್ದೆ, ಉಳಿದಿದ್ದನ್ನ ಬುಧವಾರ ರಾತ್ರಿ ತೆಗೆದ್ರೆ ಕೈಗೆ ಲೋಳೆ ಲೋಳೆ ಅಂಟ್ತಾ ಇತ್ತು, ಹುಳಿ ವಾಸನೆ ಬೇರೆ. ನಾಲ್ಕು ಸಲ ತೊಳೆದೆ, ಹೋಗ್ಲೇ ಇಲ್ಲ, ಕೊನೆಗೆ ಎಸೆದೆ. ಒಂದು ಜೀವ ಹೋಗಿರುತ್ತೆ, ಅದನ್ನ ಹೀಗೆ ಕಸಕ್ಕೆ ಹಾಕೋದು ನಿಜವಾಗ್ಲೂ ಸಂಕಟ ಆಯ್ತು. ಇನ್ನೊಂದು ವಿಷ್ಯ, ಲೆಗ್ ಪೀಸ್ ಮೆತ್ತಗೆ ಬರುತ್ತೆ ಆದ್ರೆ ಬ್ರೆಸ್ಟ್ ಮಾತ್ರ ಎಷ್ಟು ಬೇಯಿಸಿದ್ರೂ ನಾರು ನಾರು, ಯಾಕೆ?

ಉತ್ತರ 1:
ಎಸೆದಿದ್ದು ಒಳ್ಳೇದೇ ಆಯ್ತು, ಲೋಳೆ ಬಂದ್ಮೇಲೆ ತೊಳೆದ್ರೆ ಏನೂ ಪ್ರಯೋಜನ ಇಲ್ಲ. ಹಸಿ ಚಿಕನ್ ಫ್ರಿಜ್‌ನಲ್ಲಿ ಒಂದು ದಿನ, ಹೆಚ್ಚಂದ್ರೆ ಎರಡು ದಿನ ಅಷ್ಟೇ, ಅದೂ ಫ್ರಿಜ್ 4 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಕಮ್ಮಿ ಇದ್ರೆ. ಅಂಗಡಿಗೆ ಹೋದಾಗ ಚಿಕನ್ ಕೊನೆಗೆ ತಗೊಳ್ಳಿ, ಸೀದಾ ಮನೆಗೆ ಬನ್ನಿ, ಹೊರಗಡೆ ಎರಡು ಗಂಟೆ ಮೇಲೆ ಇಡ್ಬೇಡಿ, ಸೆಕೆ ಜೋರಾಗಿದ್ರೆ ಒಂದೇ ಗಂಟೆ. ಬಂದ ತಕ್ಷಣ ಎರಡು ದಿನದಲ್ಲಿ ಮಾಡೋದಿಲ್ಲ ಅನ್ನೋದನ್ನೆಲ್ಲ ಒಂದೊಂದು ಹೊತ್ತಿಗೆ ಎಷ್ಟು ಬೇಕೋ ಅಷ್ಟಷ್ಟೇ ಕವರ್‌ಗೆ ಹಾಕಿ, ಗಾಳಿ ಒತ್ತಿ ತೆಗೆದು, ಕೈಯಲ್ಲಿ ತಟ್ಟಿ ಚಪ್ಪಟೆ ಮಾಡಿ ಫ್ರೀಜರ್‌ಗಿಡಿ. ಉಂಡೆ ಥರ ಇಟ್ರೆ ಒಳಗಡೆ ಹೆಪ್ಪುಗಟ್ಟೋಕೆ ತುಂಬಾ ಹೊತ್ತು ಬೇಕು, ಆಗ ಐಸ್ ಹರಳು ದೊಡ್ಡದಾಗಿ ಮಾಂಸದ ಎಳೆ ಕಿತ್ತುಹೋಗುತ್ತೆ, ಕರಗಿಸಿದಾಗ ನೀರೆಲ್ಲ ಸೋರಿಹೋಗುತ್ತೆ. ಫ್ರಿಜ್‌ನಲ್ಲಿಡೋ ಚಿಕನ್‌ನ ಪಾತ್ರೆ ಸಮೇತ ಕೆಳಗಿನ ತಟ್ಟೇಲೇ ಇಡಿ, ಮೇಲಿಟ್ರೆ ಒಂದು ಹನಿ ತರಕಾರಿ ಮೇಲೆ ಬಿದ್ರೂ ಸಾಕು, ಬ್ಯಾಕ್ಟೀರಿಯಾ ಅದಕ್ಕೂ ಅಂಟುತ್ತೆ. ಕರಗಿಸೋಕೆ ಹಿಂದಿನ ರಾತ್ರಿನೇ ಫ್ರೀಜರ್‌ನಿಂದ ತೆಗೆದು ಫ್ರಿಜ್‌ಗಿಡಿ, ಅರ್ಜೆಂಟ್ ಇದ್ರೆ ಕವರ್ ಸಮೇತ ತಣ್ಣೀರಲ್ಲಿ ಮುಳುಗಿಸಿ ಅರ್ಧರ್ಧ ಗಂಟೆಗೆ ನೀರು ಬದಲಾಯಿಸಿ. ಕಟ್ಟೆ ಮೇಲೆ ಇಡೋದು ಬೇಡವೇ ಬೇಡ. ಫ್ರೀಜರ್‌ನಲ್ಲಿ ಬ್ಯಾಕ್ಟೀರಿಯಾ ಸಾಯಲ್ಲ, ಸುಮ್ನೆ ಮಲಗಿರುತ್ತೆ.

ಉತ್ತರ 2:
ಬ್ರೆಸ್ಟ್ ಬಗ್ಗೆ ನಾನ್ ಹೇಳ್ತೀನಿ. ನೀವು ಬೇಯಿಸಿದ್ದು ಕಮ್ಮಿಯಾಗಿಲ್ಲ, ಜಾಸ್ತಿಯಾಗಿದೆ. ತೊಡೆಯಲ್ಲಿ ಕೊಬ್ಬಿದೆ, ಮಾಂಸನ ಹಿಡಿದಿಡೋ ಬಿಳಿ ಪೊರೆ ಇದೆ, ಅದು ನಿಧಾನಕ್ಕೆ ಕರಗಿ ಮಾಂಸ ಮೆತ್ತಗಾಗುತ್ತೆ, ಹಾಗಾಗಿ ಎಷ್ಟು ಬೇಯಿಸಿದ್ರೂ ತಡ್ಕೊಳ್ಳುತ್ತೆ. ಬ್ರೆಸ್ಟ್‌ನಲ್ಲಿ ಅವೆರಡೂ ತುಂಬಾ ಕಮ್ಮಿ, ಬಿಸಿ ಏರಿದಷ್ಟೂ ಹಿಂಡಿದ ಬಟ್ಟೆ ಥರ ನೀರು ಬಿಡ್ತಾನೇ ಹೋಗುತ್ತೆ. ಎರಡನ್ನೂ ಒಟ್ಟಿಗೆ ಹಾಕ್ಬೇಡಿ, ತೊಡೆ ಮುಕ್ಕಾಲು ಬೆಂದ್ಮೇಲೆ ಬ್ರೆಸ್ಟ್ ಹಾಕಿ. ಒಂದು ಲೀಟರ್ ನೀರಿಗೆ ಸುಮಾರು 50 ಗ್ರಾಂ ಉಪ್ಪು ಕರಗಿಸಿ ಅರ್ಧ ಗಂಟೆ ಫ್ರಿಜ್‌ನಲ್ಲಿ ನೆನೆಸಿ, ಆಮೇಲೆ ಅಡುಗೆಗೆ ಉಪ್ಪು ಕಮ್ಮಿ ಮಾಡಿ, ವ್ಯತ್ಯಾಸ ನೀವೇ ನೋಡ್ತೀರ. ಸಾಧ್ಯ ಆದ್ರೆ ಒಂದು ಅಡುಗೆ ಥರ್ಮಾಮೀಟರ್ ತಗೊಳ್ಳಿ, ದಪ್ಪ ಜಾಗದಲ್ಲಿ ಮೂಳೆಗೆ ತಾಗದ ಹಾಗೆ ಚುಚ್ಚಿ, 74 ಡಿಗ್ರಿ ಬಂತಾ, ಇಳಿಸಿಬಿಡಿ.

ಉತ್ತರ 3:
ನಾಲ್ಕು ಸಲ ತೊಳೆದೆ ಅಂದ್ರಲ್ಲ, ಅದು ನಂಗೆ ಭಯ ಆಯ್ತು. ನಲ್ಲಿ ಕೆಳಗೆ ತೊಳೆದ್ರೆ ಹನಿ ಸಿಡಿದು ಪಕ್ಕದ ತಟ್ಟೆ, ಲೋಟ, ನಿಮ್ಮ ಬಟ್ಟೆ ಎಲ್ಲಾ ಕಡೆ ಸಾಲ್ಮೊನೆಲ್ಲಾ, ಕ್ಯಾಂಪೈಲೋಬ್ಯಾಕ್ಟರ್ ಅನ್ನೋ ಹೊಟ್ಟೆ ಕೆಡಿಸೋ ಬ್ಯಾಕ್ಟೀರಿಯಾ ಹೋಗುತ್ತೆ. ಸರಿಯಾಗಿ ಬೇಯಿಸಿದ್ರೆ ಅವೆಲ್ಲ ಸಾಯುತ್ತೆ, ತೊಳೆಯೋದೇ ಬೇಕಾಗಿಲ್ಲ.

ಉತ್ತರ 4:
ತೊಳೀದೆ ಹೇಗ್ರೀ ತಿನ್ನೋದು, ನಮ್ಮ ಮನೇಲಿ ಯಾರಿಗೂ ಗಂಟಲಲ್ಲಿ ಇಳಿಯಲ್ಲ.

ಉತ್ತರ 3:
ಅರ್ಥ ಆಗುತ್ತೆ ಅಕ್ಕ, ನಂಗೂ ಆ ಅಭ್ಯಾಸ ಬಿಡೋಕೆ ತುಂಬಾ ಕಷ್ಟ ಆಯ್ತು. ಪೇಪರ್ ಟವಲ್‌ನಲ್ಲಿ ಒತ್ತಿ ಒರೆಸಿ ಟವಲ್ ಎಸೆದುಬಿಡಿ, ಒಣಗಿದ ಪೀಸ್ ಬಾಣಲೇಲಿ ಚೆನ್ನಾಗಿ ಕೆಂಪಗೂ ಆಗುತ್ತೆ. ತೊಳೀಲೇಬೇಕು ಅಂದ್ರೆ ನಲ್ಲಿ ಬಿಡ್ಬೇಡಿ, ಅಗಲ ಪಾತ್ರೇಲಿ ನೀರು ತುಂಬಿಸ್ಕೊಂಡು ಅದರೊಳಗೇ ಮೆಲ್ಲಗೆ ಅದ್ದಿ ತೆಗೀರಿ, ನೀರನ್ನ ನಿಧಾನಕ್ಕೆ ಚೆಲ್ಲಿ ಸಿಂಕ್, ಚಾಕು, ಹಲಗೆ, ಕೈ ಎಲ್ಲಾ ಸೋಪ್ ಹಾಕಿ ಬಿಸಿನೀರಲ್ಲಿ ತೊಳೀರಿ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಒಂದು ಡೌಟ್, ಲೆಗ್ ಪೀಸ್ ಬೆಂದ್ಮೇಲೂ ಮೂಳೆ ಹತ್ರ ಕೆಂಪಗಿರುತ್ತೆ, ಅದು ಹಸಿ ರಕ್ತಾನಾ?

ಉತ್ತರ 2:
ಅಲ್ಲ, ಎಳೇ ಕೋಳಿ ಮೂಳೆ ಇನ್ನೂ ಗಟ್ಟಿಯಾಗಿರಲ್ಲ, ಒಳಗಿನ ಮಜ್ಜೆ ಬಣ್ಣ ಹೊರಗೆ ಇಳಿದಿರುತ್ತೆ, ಫ್ರೀಜರ್‌ನಲ್ಲಿಟ್ಟಿದ್ರೆ ಇನ್ನೂ ಕಪ್ಪಗೆ ಕಾಣುತ್ತೆ. ಬಣ್ಣ ನೋಡಿ ನಿರ್ಧಾರ ಮಾಡ್ಬೇಡಿ, 74 ಬಂದಿದ್ರೆ ಧೈರ್ಯವಾಗಿ ತಿನ್ನಿ. ಮಿಕ್ಕಿದ್ದನ್ನ ಎರಡು ಗಂಟೆ ಒಳಗೆ ಸಣ್ಣ ಡಬ್ಬಿಗೆ ಹಾಕಿ ಫ್ರಿಜ್‌ಗಿಡಿ, ಮೂರ್ನಾಲ್ಕು ದಿನ ಬರುತ್ತೆ.