‘ಹೀಟ್ ಸ್ಟ್ರೋಕ್’ಗೆ ‘ಝಳ ಬಡಿಯುವುದು’ ಅಂದರೆ ನಡೆಯುತ್ತದಾ?

ಎಲ್ಲರಿಗೂ ನಮಸ್ಕಾರ. ಒಂದು ಬೋರ್ಡ್ ಬರೆಸಬೇಕಿದೆ, ಪದ ಸಿಗುತ್ತಿಲ್ಲ. ನಾನು ಬೆಳಗಾವಿಯ ಒಂದು ಫೌಂಡ್ರಿಯಲ್ಲಿ ಶಿಫ್ಟ್ ನೋಡಿಕೊಳ್ಳುವವನು. ಕರಗಿದ ಕಬ್ಬಿಣ ಸುಮಾರು 1400 ಡಿಗ್ರಿ ಇರುತ್ತದೆ, ಅದರ ಪಕ್ಕದಲ್ಲೇ ನಮ್ಮ ಹುಡುಗರು ನಿಲ್ಲುತ್ತಾರೆ.

ಹೋದ ಬೇಸಿಗೆಯಲ್ಲಿ ‘ಬಿಸಿಲಾಘಾತ: ಎಚ್ಚರಿಕೆ’ ಅಂತ ಒಂದು ಪೋಸ್ಟರ್ ಅಂಟಿಸಿದ್ದೆ. ಭಟ್ಟಿ ಕೆಲಸದ ಹಿರಿಯರೊಬ್ಬರು ನಿಧಾನಕ್ಕೆ ಓದಿ, “ಇದನ್ನ ಗೇಟಿನ ಹೊರಗ ಹಚ್ರಿ ಸರ, ನಾವೇನ್ ಬಿಸಲಾಗ ನಿಂತೇವೇನು?” ಅಂದರು. ಅವರ ಮಾತು ಸರಿ ಅಲ್ವಾ? ಭಟ್ಟಿ, ಬೇಕರಿ, ಬಾಯ್ಲರ್ ಮನೆ, ಇಲ್ಲೆಲ್ಲ ಬಿಸಿಲೇ ಇಲ್ಲದೆ ಇದೇ ಕಾಯಿಲೆ ಬರುತ್ತದೆ. ‘ಬಿಸಿಲು’ ಅಂತ ಬರೆದ ಕೂಡಲೇ ಒಳಗಿರುವವನು ಇದು ನನಗಲ್ಲ ಅಂದುಕೊಳ್ಳುತ್ತಾನೆ.

‘ಶಾಖಾಘಾತ’ ನೋಡಿದೆ. ಶಾಖಾ ಕಚೇರಿ, ಶಾಖಾ ಗ್ರಂಥಾಲಯ ಓದಿ ಅಭ್ಯಾಸವಾದ ಕಣ್ಣಿಗೆ ಅದು ಬ್ರಾಂಚಿಗೆ ಬಿದ್ದ ಹೊಡೆತದ ಹಾಗೆ ಕಾಣುತ್ತದೆ. ‘ಉಷ್ಣಾಘಾತ’ದ ತೊಂದರೆ ಬೇರೆ. ನಮ್ಮಲ್ಲಿ ‘ಉಷ್ಣ ಆಗಿದೆ’ ಅಂದರೆ ಮಾವಿನಹಣ್ಣು ಜಾಸ್ತಿ ತಿಂದು ಬಾಯಿ ಹುಣ್ಣಾಗಿದೆ ಅಂತ ಅರ್ಥ. ಮಜ್ಜಿಗೆ ಕುಡಿ, ಎಳನೀರು ಕುಡಿ, ಹೋಗುತ್ತದೆ. ಆದರೆ ಇಲ್ಲಿ ಒಳಮೈ ಬಿಸಿ 40 ಡಿಗ್ರಿ ದಾಟಿರುತ್ತದೆ, ತಡಮಾಡಿದರೆ ಜೀವ ಹೋಗುತ್ತದೆ.

ಆಮೇಲೆ ಹೊಳೆದದ್ದು ‘ಝಳ’. ಬಿಸಿಲ ಝಳ ಅನ್ನುತ್ತೇವೆ, ಒಲೆಯ ಝಳ ಅಂತಲೂ ಅನ್ನುತ್ತೇವೆ. ಹೊಲದಲ್ಲಿರುವವನಿಗೂ ಭಟ್ಟಿ ಮುಂದಿರುವವನಿಗೂ ಒಂದೇ ಪದ. ಅದಕ್ಕೆ ‘ಬಡಿ’ ಸೇರಿಸಿದರೆ ಹೇಗೆ? ಸಿಡಿಲು ಬಡಿಯುತ್ತದೆ, ಗರ ಬಡಿಯುತ್ತದೆ, ಹಾಗೇ ಝಳ ಬಡಿಯುತ್ತದೆ.

ಸುಮ್ನೆ ಗರದ ಮಾತು ತೆಗೆಯಲಿಲ್ಲ. ಹೊಸದಾಗಿ ಸೇರಿದ ಹುಡುಗನೊಬ್ಬ ಮೂರನೇ ದಿನ ಮಧ್ಯಾಹ್ನ ಗರ ಬಡಿದವನ ಹಾಗೆ ನಿಂತುಬಿಟ್ಟ. ಹೆಸರು ಕೇಳಿದರೆ ಊರಿನ ಹೆಸರು ಹೇಳುತ್ತಿದ್ದ, ಕೈಯಲ್ಲಿದ್ದ ಕೈಗವಸನ್ನು ತಾನೇ ಹುಡುಕುತ್ತಿದ್ದ. ಕುಡಿದು ಬಂದಿದ್ದಾನೆ ಅಂತ ಪಕ್ಕದವರು ನಕ್ಕರು. ನನಗೂ ಮೊದಲು ಹಾಗೇ ಅನ್ನಿಸಿತು, ನಾಚಿಕೆಯಾಗುತ್ತದೆ ಹೇಳೋಕೆ. ಮೈ ಮುಟ್ಟಿದರೆ ಕೆಂಡ. ಬೆವರು ಮಾತ್ರ ಸುರೀತಾನೇ ಇತ್ತು, ಅದಕ್ಕೇ ಯಾರಿಗೂ ಅನುಮಾನ ಬರಲಿಲ್ಲ, ಯಾಕಂದ್ರೆ ನನ್ನ ಪೋಸ್ಟರಿನಲ್ಲೇ ‘ಬೆವರು ನಿಂತಿರುತ್ತದೆ’ ಅಂತ ಬರೆದಿತ್ತು. ಮೈ ಬಗ್ಗಿಸಿ ದುಡಿಯುವವನಿಗೆ ಬೆವರು ನಿಲ್ಲಲೇಬೇಕು ಅಂತಿಲ್ಲ. ಭಟ್ಟಿಯಿಂದ ದೂರ ತಂಪಿಗೆ ಎಳೆದು, ಬಟ್ಟೆ ಸಡಿಲಿಸಿ, ಬಕೆಟ್‌ಗಟ್ಟಲೆ ತಣ್ಣೀರು ಸುರಿದು ಗಾಳಿ ಹಾಕಿ 108ಕ್ಕೆ ಫೋನ್ ಮಾಡಿದೆವು. ಹುಡುಗ ಉಳಿದ. ಯಾರೋ ಬಾಯಿಗೆ ನೀರು ಹಾಕಲು ಬಂದಿದ್ದರು, ತಡೆದೆ. ಎಚ್ಚರ ಸರಿಯಿಲ್ಲದವನಿಗೆ ಕುಡಿಸಿದರೆ ನೀರು ಶ್ವಾಸಕ್ಕೆ ಹೋಗಬಹುದು. ಹಾಗಾಗಿ ಬೋರ್ಡಿನಲ್ಲಿ ಮೊದಲ ಸಾಲು ‘ಏನೇನೋ ಮಾತಾಡುತ್ತಿದ್ದರೆ ಝಳ ಬಡಿದಿದೆ’ ಅಂತ ಇರಲಿ ಅಂದುಕೊಂಡಿದ್ದೇನೆ. ‘ಗೊಂದಲ’ ಅಂತ ಬರೆದರೆ ಯಾರಿಗೂ ನಾಟುವುದಿಲ್ಲ.

ಎರಡನೇ ಪ್ರಶ್ನೆ ‘ಅಕ್ಲಿಮಟೈಸೇಶನ್’ ಬಗ್ಗೆ, ಅಂದರೆ ಮೈ ದಿನದಿಂದ ದಿನಕ್ಕೆ ಬಿಸಿಗೆ ಹೊಂದಿಕೊಳ್ಳುವುದು. ಕೆಲಸಗಾರರ ಸುರಕ್ಷತೆ, ಆರೋಗ್ಯದ ಬಗ್ಗೆ ಸಂಶೋಧನೆ ಮಾಡುವ ಅಮೆರಿಕದ ನಿಯಾಶ್ (NIOSH) ಸಂಸ್ಥೆಯ ಸಲಹೆಯಂತೆ ಹೊಸಬರನ್ನು ಮೊದಲ ದಿನ ಕೆಲಸದ ಅವಧಿಯ 20% ಮಾತ್ರ ಬಿಸಿಯಲ್ಲಿ ಇರಿಸಬೇಕು, ಆಮೇಲೆ ದಿನಕ್ಕೆ 20% ಮೀರದಂತೆ ಏರಿಸಬೇಕು. ಎಂಟು ಗಂಟೆಯ ಪಾಳಿಯಲ್ಲಿ ಮೊದಲ ದಿನ ಒಂದೂವರೆ ಗಂಟೆ ಅನ್ನಿ. ಹಳಬರೂ ಜಾತ್ರೆಗೋ ಮದುವೆಗೋ ಅಂತ ಒಂದು ವಾರ ಊರಿಗೆ ಹೋಗಿ ಬಂದರೆ ಮೈಗೆ ಆ ರೂಢಿ ತಪ್ಪಲು ಶುರುವಾಗಿರುತ್ತದೆ. ಇದಕ್ಕೆ ‘ಹವಾಗುಣ ಹೊಂದಾಣಿಕೆ’ ಅಂತ ಒಬ್ಬರು ಸೂಚಿಸಿದರು. ಬೇಡ ಅನ್ನಿಸಿತು. ಒಂದು ಕ್ಷಣ ‘ಪಳಗಿಸು’ ಅಂತಲೂ ಯೋಚಿಸಿದೆ, ಆದರೆ ಅದು ನೊಗಕ್ಕೆ ಹೂಡುವ ಹೋರಿಯ ಮಾತು, ಮನುಷ್ಯರಿಗೆ ಹೇಳಿದರೆ ಬೈಸಿಕೊಳ್ಳುತ್ತೇನೆ. ‘ಮೈ ಒಗ್ಗುವುದು’ ಸಾಕಲ್ವಾ? ‘ಒಗ್ಗುವ ದಿನಗಳು’ ಅಂತ ಒಂದು ಕಾಲಂ ಮಾಡಿ ಹಾಜರಿ ಪುಸ್ತಕದಲ್ಲೇ ಗುರುತು ಹಾಕಬಹುದು.

ಇನ್ನೊಂದು ತೊಡಕಿದೆ, ‘ಹೀಟ್ ಎಕ್ಸಾಸ್ಚನ್’, ಅಂದರೆ ಬಿಸಿಗೆ ಮೈ ಸೋಲುವುದು, ಹೀಟ್ ಸ್ಟ್ರೋಕಿನಷ್ಟು ವಿಪರೀತಕ್ಕೆ ಹೋಗಿರುವುದಿಲ್ಲ. ‘ಸುಸ್ತು’ ಅಂದರೆ ಸಂಜೆ ಹೊತ್ತಿಗೆ ಎಲ್ಲರಿಗೂ ಸುಸ್ತೇ. ‘ಬಸವಳಿಯುವುದು’ ಚೆನ್ನಾಗಿದೆ, ಆದರೆ ನಮ್ಮ ಹುಡುಗರ ಬಾಯಲ್ಲಿ ಅದನ್ನು ಕೇಳಿಲ್ಲ. ತಲೆ ಸುತ್ತು, ವಾಕರಿಕೆ, ಕಣ್ಣು ಕತ್ತಲೆ, ಇಷ್ಟನ್ನೂ ಹಿಡಿಯುವ ಒಂದು ಆಡುಮಾತು ನಿಮ್ಮ ಕಡೆ ಇದೆಯಾ?

ಕರಾವಳಿಯವರನ್ನೂ ಕೇಳಬೇಕು. ನಿಮ್ಮ ‘ಸೆಕೆ’ಯಲ್ಲಿ ಬೆವರು ಆರದ ಸಂಕಟ ಇದೆ, ನಮ್ಮ ಝಳದಲ್ಲಿ ಅದಿಲ್ಲ. ಬೆಂಕಿ ಕಾಣದ, ಬರೀ ಹಬೆ ತುಂಬಿದ ಲಾಂಡ್ರಿಯಲ್ಲಿ ‘ಝಳ ಬಡಿಯಿತು’ ಅಂದರೆ ನಿಮ್ಮ ಕಿವಿಗೆ ವಿಚಿತ್ರ ಅನ್ನಿಸುತ್ತದಾ? ಬೋರ್ಡ್ ಪೇಂಟರ್ ಸೋಮವಾರ ಬರುತ್ತಾನೆ, ಅಷ್ಟರೊಳಗೆ ಹೇಳಿದರೆ ಉಪಕಾರ.